ಏಳನೇ ಪ್ರಶ್ನೆಯ ಅಧಿಕೃತ ಉತ್ತರ

ಮೂರನೇ ತರಗತಿಯ ವಾರ್ಷಿಕ ಪರೀಕ್ಷೆಯ ಏಳನೇ ಪ್ರಶ್ನೆಗೆ ಸರಿಯಾದ ಉತ್ತರ ಬರೆದ ಕಾರಣ ಇಪ್ಪತ್ಮೂರು ಮಕ್ಕಳು ಅನುತ್ತೀರ್ಣರಾಗಿರುತ್ತಾರೆ.

ಪ್ರಶ್ನೆ ಇಷ್ಟೇ: 'ಬುಟ್ಟಿಯಲ್ಲಿ 84 ಕಿತ್ತಳೆಗಳಿದ್ದವು. 26 ಕೊಳೆತವು. 19 ಹಂಚಲಾಯಿತು. ಉಳಿದವೆಷ್ಟು?' ಒಂದನ್ನು ಕಳೆದು ಬಂದದ್ದರಲ್ಲಿ ಇನ್ನೊಂದನ್ನು ಕಳೆಯಬೇಕೆಂದು ಲೆಕ್ಕದ ಟೀಚರು ವರ್ಷವಿಡೀ ಗಂಟಲು ಹರಿದುಕೊಂಡಿದ್ದರು. ಮಕ್ಕಳು ಹಾಗೇ ಕಳೆದು 39 ಎಂದು ಬರೆದರು. ಇಲಾಖೆಯ ಉತ್ತರಪಟ್ಟಿಯಲ್ಲಿ 58 ಎಂದಿತ್ತು. ಕೊನೇ ಬೆಂಚಿನ ನಿದ್ದೆಬುರುಕನೊಬ್ಬ ಮಾತ್ರ ಏನೂ ಬರೆಯದೆ ಹಾಳೆ ಕೊಟ್ಟಿದ್ದ. ಏಳನೇ ಪ್ರಶ್ನೆ ಕಡ್ಡಾಯವಾದ್ದರಿಂದ ಎಲ್ಲರೂ ಫೇಲು.

"ಟೀಚರ್, ನಾನೆಲ್ಲಿ ತಪ್ಪು ಮಾಡ್ದೆ?" ಮೊದಲ ಬೆಂಚಿನ ಎರಡು ಜಡೆಯ ಹುಡುಗಿ ಕೇಳಿದಳು.

"ನಿಂದೇನೂ ತಪ್ಪಿಲ್ಲ ಪುಟ್ಟಿ. ನಾನೇ ಹೋಗಿ ಸರಿ ಮಾಡಿಸ್ಕೊಂಡು ಬರ್ತೀನಿ."

ಉತ್ತರಪಟ್ಟಿ ಕಚೇರಿಯ ಗುಮಾಸ್ತರು ಸಮಾಧಾನದಿಂದ ವಿವರಿಸಿದರು.

"ಕೊಳೆತದ್ದನ್ನ ಕಳೆಯೋದು ನಮ್ಮ ವಿಭಾಗ ಮೇಡಂ. ಕಳೆದಿದೀವಿ. ಹಂಚಿದ್ದನ್ನ ಕಳೆಯೋದು ವಿತರಣಾ ವಿಭಾಗ. ಅಲ್ಲಿ ಹುದ್ದೆ ಖಾಲಿ ಇದೆ."

"ಮಕ್ಕಳು ಎರಡನ್ನೂ ಕಳೆದಿದಾರಲ್ಲ ಸಾರ್?"

"ಅದೇ ತಪ್ಪು. ಎಂಟು ವರ್ಷಕ್ಕೇ ಇಬ್ಬರ ಅಧಿಕಾರ ಒಬ್ಬರೇ ಚಲಾಯಿಸಿದ್ರೆ ಮುಂದೆ ನಮ್ಮ ಗತಿ?"

ಟೀಚರು ಬಿಡಲಿಲ್ಲ. ಚಪ್ಪಲಿ ಸವೆಯುವಷ್ಟು ಅಲೆದ ಮೇಲೆ ಐವರ ಸಮಿತಿ ರಚನೆಯಾಗಿ, ಪ್ರತ್ಯಕ್ಷ ಪರಿಶೀಲನೆಗೆಂದು 84 ಕಿತ್ತಳೆ ತರಿಸಲಾಯಿತು. ನಿಯಮ ನಾಲ್ಕರ ಪ್ರಕಾರ ಹಣ್ಣುಗಳು ಸ್ವಇಚ್ಛೆಯಿಂದ ಕೊಳೆಯತಕ್ಕದ್ದು, ಯಾವುದೇ ಒತ್ತಾಯ ಸಲ್ಲದು. ಸಮಿತಿ ಕಾದು ಕುಳಿತಿತು. ಹನ್ನೆರಡನೆಯ ದಿನ ಇಪ್ಪತ್ತಾರನೆಯದು ಕೊಳೆತಾಗ ಅಧ್ಯಕ್ಷರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹತ್ತೊಂಬತ್ತನ್ನು ಸದಸ್ಯರಿಗೇ ಹಂಚಲಾಯಿತು. ಬೇರೆ ಯಾರಿಗಾದರೂ ಹಂಚಲು ಟೆಂಡರು ಕರೆಯಬೇಕಿತ್ತು. ಉಳಿದವನ್ನು ಎಣಿಸುವ ಕೆಲಸ ಸೂಕ್ಷ್ಮವಾದದ್ದೆಂದು ಸದಸ್ಯರು ಹಂಚಿಕೊಂಡು ಮನೆಗೆ ಒಯ್ದರು.

"ವಾಪಸ್ ತರ್ತೀರಲ್ಲ?" ಟೀಚರು ಬಾಗಿಲಿಗೆ ಅಡ್ಡ ನಿಂತು ಕೇಳಿದರು.

"ಎಣಿಸಿದ ಮೇಲೆ ಅದರ ಅಗತ್ಯ ಏನಿರುತ್ತೆ ಮೇಡಂ?" ಎಂದರು ಅಧ್ಯಕ್ಷರು.

ಮರುದಿನ ವರದಿ ಬಂತು: 'ಬುಟ್ಟಿಯನ್ನು ಮೂರು ಬಾರಿ ತಲೆಕೆಳಗು ಮಾಡಿ ನೋಡಲಾಗಿ, ಉಳಿದದ್ದು ಸೊನ್ನೆ.' ಉತ್ತರಪಟ್ಟಿ ತಿದ್ದಲಾಯಿತು. ಇಪ್ಪತ್ಮೂರು ಮಕ್ಕಳು ಮತ್ತೆ ಫೇಲಾದರು. ಖಾಲಿ ಜಾಗವೂ ಸೊನ್ನೆಗೆ ಸಮವೆಂದು ತೀರ್ಮಾನವಾಗಿ ನಿದ್ದೆಬುರುಕ ಶಾಲೆಗೇ ಮೊದಲಿಗನಾದ.

"ಅವನು ಚಿಕ್ಕಂದಿನಿಂದ್ಲೂ ಹಂಗೇ," ಎಂದು ಅವನ ಅಮ್ಮ ಬೀಗಿದಳು. "ಸುಮ್ಮನಿದ್ದೇ ಮುಂದೆ ಬರ್ತಾನೆ."

ಮರುಪರೀಕ್ಷೆಯಲ್ಲೂ ಅದೇ ಪ್ರಶ್ನೆ. ಎರಡು ಜಡೆಯ ಹುಡುಗಿ ಹಾಳೆಯ ಮೂಲೆಯಲ್ಲಿ ಕಳೆದು 39 ಬರೆದಳು. ತಲೆಯೆತ್ತಿ ಟೀಚರನ್ನು ನೋಡಿದಳು. ಟೀಚರು ಕಿಟಕಿಯತ್ತ ತಿರುಗಿದರು. ಈ ಮಗು ಇನ್ನೊಂದು ವರ್ಷ ಇಲ್ಲೇ ಕೂರುವುದನ್ನು ನೋಡುವ ಶಕ್ತಿ ಅವರಿಗಿರಲಿಲ್ಲ. ರಬ್ಬರು ಉಜ್ಜುವ ಸದ್ದು ಕೇಳಿಸಿತು.

ಇಪ್ಪತ್ಮೂರು ಸೊನ್ನೆಗಳಿಗೂ ಟೀಚರು ಪೂರ್ಣ ಅಂಕ ಕೊಟ್ಟರು. ಇಲಾಖೆ ಅವರನ್ನು ಉತ್ತಮ ಶಿಕ್ಷಕಿಯೆಂದು ಸನ್ಮಾನಿಸಿತು.

"ಟೀಚರ್," ಹುಡುಗಿ ಫಲಿತಾಂಶದ ದಿನ ಮೆಲ್ಲಗೆ ಕೇಳಿದಳು, "ಆ ಮೂವತ್ತೊಂಬತ್ತನ್ನ ಯಾರು ತಿಂದ್ರು?"

"ಅದು ನಾಲ್ಕನೇ ಕ್ಲಾಸಿನ ಪಾಠ ಪುಟ್ಟಿ," ಎಂದರು ಟೀಚರು. "ಪಾಸಾದ್ಯಲ್ಲ, ಇನ್ನು ಕೇಳಬಾರದು."