ಪೌಲೋಸನ ಪಾಟಿ

ತಮಿಳು ಬಲ್ಲವನು ಮಲಯಾಳ ಬೇರೆ ಕಲಿಯಬೇಕಿಲ್ಲ, ಅದನ್ನೇ ಸ್ವಲ್ಪ ಮೂಗಿನಲ್ಲಿ ಹೇಳಿದರಾಯಿತು ಎಂದು ಕಾನ್‌ಸ್ಟೇಬಲ್ ಶಿವರಾಮು ಸಬ್ ಇನ್‌ಸ್ಪೆಕ್ಟರ್ ರೂಪಶ್ರೀಯ ಎದುರು ಅಂದದ್ದೇ ತಪ್ಪಾಯಿತು.

ಗುಂಡ್ಲುಪೇಟೆ ದಾಟಿ ಕೇರಳದ ರಸ್ತೆ ಹಿಡಿದರೆ ಕಾಡು ಶುರುವಾಗುವ ಮೊದಲು ಸಿಗುವ ಪುಟ್ಟ ಠಾಣೆ ಅದು. ಸುತ್ತ ಅರಿಸಿನ ಬೆಳೆಯುವ ಗೌಡರು, ಕಾಡಂಚಿನ ಸೋಲಿಗರು, ತಮಿಳು ಕೂಲಿಯವರು, ಶುಂಠಿಗೆಂದು ಜಮೀನು ಗುತ್ತಿಗೆ ಹಿಡಿದ ಮಲಯಾಳಿಗಳು. ಎಲ್ಲರನ್ನೂ ಅವರವರ ಮಾತಿನಲ್ಲೇ ವಿಚಾರಿಸಿಕೊಳ್ಳಬೇಕು ಎಂದು ಚಾಮರಾಜನಗರದಿಂದ ಆದೇಶ ಬಂದಿತ್ತು. ಅದನ್ನು ಕಣ್ಣಾರೆ ನೋಡಲು ಆ ಮಧ್ಯಾಹ್ನ ಜಿಲ್ಲೆಯ ದೊಡ್ಡ ಸಾಹೇಬರೇ ಠಾಣೆಗೆ ಬರುವವರಿದ್ದರು.

"ಹಾಗಾದ್ರೆ ಮಲಯಾಳಿಗಳ ದೂರೆಲ್ಲ ಇನ್ಮೇಲೆ ನಿಮ್ದು ಶಿವರಾಮು," ಎಂದರು ರೂಪಶ್ರೀ. "ಸಾಹೇಬ್ರ ಮುಂದೆ ನನ್ನ ಮರ್ಯಾದೆ ಉಳಿಸಿ."

ಆಕೆ ಬಾಯಿ ಮುಚ್ಚುವ ಮೊದಲೇ ಪೌಲೋಸ್ ಓಡಿಬಂದ. ವಯನಾಡಿನಿಂದ ಹೊಸದಾಗಿ ಬಂದ ಶುಂಠಿ ಬೆಳೆಗಾರ, ಕಣ್ಣಲ್ಲಿ ನೀರು, ಕಲಿತಿದ್ದ ಚೂರುಪಾರು ಕನ್ನಡವೂ ಗಾಬರಿಯಲ್ಲಿ ಮರೆತಿತ್ತು.

"ಎಂಡೆ ಪಟ್ಟಿಯೆ ಕಾಣಾನಿಲ್ಲ, ಸಾರೇ."

ಶಿವರಾಮುವಿಗೆ ಅರ್ಥವಾಯಿತು. ತಮಿಳಿನಲ್ಲಿ ಪಾಟಿ ಅಂದರೆ ಅಜ್ಜಿ. ಇವನು ಅಳುವ ಭರದಲ್ಲಿ ದೀರ್ಘ ನುಂಗಿದ್ದಾನೆ.

"ಅಜ್ಜಿ ಕಳೆದೋಗೈತೆ ಮೇಡಂ," ಎಂದು ವರದಿ ಒಪ್ಪಿಸಿ, ಪೌಲೋಸನ ಕಡೆ ತಿರುಗಿ ವಿವರ ಕೇಳಿದ. ಹೆಸರು ಅಮ್ಮಿಣಿ. ವಯಸ್ಸಾಗಿದೆ. ಬಿಳಿ ಕೂದಲು, ಒಂದು ಕಾಲು ಕುಂಟು. ಬೆಳಿಗ್ಗೆ ಗೇಟು ಹಾಕಿತ್ತು, ಮತಿಲ್ ಹಾರಿ ಹೋಗಿದೆ.

"ಮತಿಲ್ ಅಂದ್ರೆ?" ಎಂದರು ರೂಪಶ್ರೀ.

"ಗೋಡೆ, ಮೇಡಂ."

"ಕುಂಟು ಮುದುಕಿ ಗೋಡೆ ಹಾರಿದ್ಲಾ?"

"ಕೇರಳದ ತೈಲ ಮೇಡಂ. ಅಲ್ಲಿ ಯಾರ್ಗೂ ಮಂಡಿನೋವೇ ಬರಾಕಿಲ್ಲ."

ಸುದ್ದಿ ಠಾಣೆಯ ಎದುರಿನ ಟೀ ಅಂಗಡಿಯ ಮಹಾಲಿಂಗನ ಕಿವಿಗೆ ಬಿತ್ತು. ಅವನ ಕಿವಿಗೆ ಬಿದ್ದದ್ದು ಊರಿಗೇ ಬಿದ್ದಂತೆ. ಒಬ್ಬ ಬಾವಿ ಇಣುಕಿದ, ಒಬ್ಬ ಆನೆ ಎತ್ತಿಕೊಂಡು ಹೋಗಿರಬಹುದು ಎಂದ. ಪೌಲೋಸ್ ಹುಡುಕಲು ತೋಟದ ಕಡೆ ಓಡಿದ. ಅಷ್ಟರಲ್ಲಿ ಮಹಾಲಿಂಗ ಬೈಕಿನಲ್ಲಿ ಒಂದು ಸುತ್ತು ಹಾಕಿ ಬಂದು, "ಶಿವ್ರಾಮು, ನಮ್ ಕಾಡಂಚಿನ ಮದ್ದೂರು ಕಡೆ ಬಸ್ ಸ್ಟಾಪ್ನಲ್ಲಿ ಬಿಳಿ ಕೂದ್ಲು ಮುದುಕಿ ಒಬ್ಳೇ ಕುಂತವ್ಳೆ ಕಣ್ಲಾ. ನಮ್ಮೂರೋಳಲ್ಲ," ಎಂದ.

ಶಿವರಾಮು ಜೀಪು ಹತ್ತಿದ. ಮುದುಕಿ ನಿಜಕ್ಕೂ ಅಲ್ಲಿದ್ದಳು, ಮಡಿಲಲ್ಲಿ ಒಂದು ಕೈಚೀಲ. ಎದ್ದು ನಿಂತಾಗ ಕಾಲು ಕುಂಟಿತು. ಅವನಿಗೆ ಹಾಲು ಕುಡಿದಷ್ಟು ಸಂತೋಷ.

"ಪಾಟಿ, ವಾಂಗೊ. ಪೌಲೋಸ್ ವೀಟ್ಟುಕ್ಕು ಪೋಗಲಾಂ," ಎಂದು ಮೂಗಿನಲ್ಲಿ ರಾಗವಾಗಿ ಮನೆಗೆ ಕರೆದ.

ಮುದುಕಿ ಅವನನ್ನೊಮ್ಮೆ, ಜೀಪನ್ನೊಮ್ಮೆ ನೋಡಿ, ತುಟಿ ಬಿಚ್ಚದೆ ಹತ್ತಿ ಕುಳಿತಳು. ಠಾಣೆಯಲ್ಲಿ ಅವಳಿಗೆ ಫ್ಯಾನಿನ ಕೆಳಗಿನ ಕುರ್ಚಿ ಸಿಕ್ಕಿತು. ಮಹಾಲಿಂಗ ಟೀ, ಬೋಂಡ ತಂದ, ಶಿವರಾಮು ತಾನೇ ಕೈಯಾರೆ ಕೊಟ್ಟ. ಅವಳು ಎಲ್ಲವನ್ನೂ ತಿಂದಳು, ಮಾತು ಮಾತ್ರ ಆಡಲಿಲ್ಲ.

ದೊಡ್ಡ ಸಾಹೇಬರು ಬಂದರು. ಅಂಗಳ ತುಂಬ ಜನ. ರೂಪಶ್ರೀ ಹೆಮ್ಮೆಯಿಂದ, "ನಮ್ಮ ಶಿವರಾಮು ಮಲಯಾಳದಲ್ಲೇ ದೂರು ಕೇಳಿ, ಕಳೆದುಹೋದ ಅಜ್ಜಿಯನ್ನ ಹುಡುಕಿ ತಂದಿದ್ದಾರೆ ಸರ್," ಎಂದರು. ಜನ ಚಪ್ಪಾಳೆ ತಟ್ಟಿದರು. ಶಿವರಾಮು ಅಜ್ಜಿಯ ಕೈ ಹಿಡಿದು ತಂದು, ಆಗತಾನೆ ಬಂದ ಪೌಲೋಸನ ಮುಂದೆ ನಿಲ್ಲಿಸಿದ.

"ಇಗಳಪ್ಪ ನಿನ್ನ ಪಾಟಿ."

ಪೌಲೋಸ್ ಮುದುಕಿಯನ್ನು ನೋಡಿದ. ಅವಳ ಹಿಂದೆ, ಪಕ್ಕದಲ್ಲಿ, ಕುರ್ಚಿಯ ಕೆಳಗೆ ನೋಡಿದ. ಕೊನೆಗೆ, "ಪಾಟಿ ಅಲ್ಲ ಸಾರೇ, ಪಟ್ಟಿ," ಎಂದು ಸೊಂಟದ ಹಿಂದೆ ಕೈಯಿಟ್ಟು ಬಾಲದಂತೆ ಅಲ್ಲಾಡಿಸಿ, "ಬೌ, ಬೌ," ಎಂದ.

ಗುಂಪಿನಲ್ಲಿದ್ದ ತಮಿಳು ಕೂಲಿಯವನೊಬ್ಬ ಮೆಲ್ಲಗೆ, "ಅವ್ರ ಮಾತಲ್ಲಿ ಪಟ್ಟಿ ಅಂದ್ರೆ ನಾಯಿ ಸಾಮಿ," ಎಂದ. ರೂಪಶ್ರೀ ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡರು.

"ಹಾಗಾದ್ರೆ ಈ ತಾಯಿ ಯಾರು?" ಎಂದರು ದೊಡ್ಡ ಸಾಹೇಬರು.

"ನಮ್ಮೂರು ಕುದೇರು, ನಾನು ಪುಟ್ಟಮಲ್ಲಮ್ಮ ಕಣಪ್ಪ," ಎಂದಳು ಮುದುಕಿ ಅಚ್ಚ ಕನ್ನಡದಲ್ಲಿ. "ಗೋಪಾಲಸ್ವಾಮಿ ಬೆಟ್ಟಕ್ಕೆ ಓಗನ ಅಂತ ಫ್ರೀ ಬಸ್ಸು ಅತ್ತುದ್ನಾ, ಅದು ಬ್ಯಾರೆ ಕಡೆ ಬಸ್ಸು. ಇಳ್ದು ಕುಂತಿದ್ರೆ ಈವಯ್ಯ ಬಂದು ಅದೇನೋ ಮಾತಾಡ್ತು. ಕೇರಳಕ್ಕೇ ಬಂದ್ಬುಟ್ಟೆ ಅನ್ಕಂಡು ಬಾಯ್ ಬುಡ್ನಿಲ್ಲ."

"ನಿಮಗೆ ತೊಂದರೆ ಆಯ್ತೇನಮ್ಮ?"

"ಯಾತರ ತೊಂದ್ರೆ? ನನ್ ಸೊಸೆ ರೊಟ್ಟಿ ತಟ್ಟೆನ ಅಂಗೇ ನೂಕ್ತಾಳೆ. ಈವಯ್ಯ ಬೋಂಡ ಬಿಸಿಯಾಗೈತಾ ಅಂತ ಮುಟ್ಟಿ ನೋಡಿ ಕೊಡ್ತು. ಬೆಟ್ಟ ಒಂದು ತೋರ್ಸ್‌ಬುಡ್ಲಿ, ಸಾಕು."

ಮೊದಲು ನಕ್ಕವರು ದೊಡ್ಡ ಸಾಹೇಬರು. ಆಮೇಲೆ ಎಲ್ಲರೂ. ಪೌಲೋಸನಿಗೂ ಫೋನು ಬಂತು, ಅಮ್ಮಿಣಿ ಹಸಿವಾಗಿ ತಾನೇ ಮನೆಗೆ ಬಂದಿತ್ತು. "ಶಿವರಾಮು, ಬೆಟ್ಟ ತೋರಿಸಿ, ಊರಿಗೆ ಬಿಟ್ಟು ಬಾ," ಎಂದು ಸಾಹೇಬರು ಅಪ್ಪಣೆ ಕೊಟ್ಟರು. ಬೆಟ್ಟದ ಮೇಲೆ ಮಂಜು ಮುಖಕ್ಕೆ ತಾಕಿದಾಗ ಪುಟ್ಟಮಲ್ಲಮ್ಮ ಮಗುವಿನಂತೆ ನಕ್ಕಳು. ಹೋಗಲಿ, ಕೆಲಸ ಕೆಟ್ಟರೂ ಪುಣ್ಯ ಬಂತು ಎಂದುಕೊಂಡ ಶಿವರಾಮು.

ಮರುದಿನ ಠಾಣೆಗೆ ಬಂದರೆ ಜಗಲಿಯ ತುಂಬ ಕುದೇರಿನ ಮುದುಕಿಯರು, ಕೈಚೀಲಗಳ ಸಮೇತ.

"ಬೆಟ್ಟಕ್ಕೆ ಕರ್ಕೊಂಡೋಗೋ ಪೊಲೀಸಪ್ಪ ನೀನೇನಾ?" ಎಂದಳು ಒಬ್ಬಳು.

ರೂಪಶ್ರೀ ಒಳಗಿನಿಂದ, "ಸಾಹೇಬ್ರಿಗೆ ತುಂಬ ಹಿಡಿಸಿದೆ ಶಿವರಾಮು. ಹೊರಡಿ," ಎಂದರು.

ಹೊರಡುವಷ್ಟರಲ್ಲಿ ಪೌಲೋಸನೂ ಬಂದ. ಅವನ ಜೀಪಿನಿಂದ ಬಿಳಿ ಮುಂಡು ಉಟ್ಟ ವೃದ್ಧೆಯೊಬ್ಬಳು ಇಳಿದಳು.

"ವಯನಾಡಿಂದ ಬಂದಿದೆ ಸಾರೇ. ಇದು ನಾಯಿ ಅಲ್ಲ. ಒರಿಜಿನಲ್ ಪಾಟಿ."

ಆಕೆ ಬೆಟ್ಟದ ಬಸ್ಸಿನಲ್ಲಿ ಶಿವರಾಮುವಿನ ಪಕ್ಕದಲ್ಲೇ ಕುಳಿತು, ಬೆಟ್ಟದ ತುದಿಯವರೆಗೂ, ಅಲ್ಲಿಂದ ಇಳಿಯುವವರೆಗೂ ಮಲಯಾಳದಲ್ಲಿ ಬಿಡದೆ ಮಾತಾಡಿದಳು. ಒಂದಕ್ಷರ ಅರ್ಥವಾಗಲಿಲ್ಲ. ಮರ್ಯಾದೆ ಬಿಡಲಾಗದೆ ಅವನು ಅವಳು ಉಸಿರೆಳೆದಾಗಲೆಲ್ಲ, "ಶೆರಿ, ಶೆರಿ," ಎನ್ನುತ್ತಿದ್ದ.

ಸಂಜೆ ಪೌಲೋಸ್ ಅಜ್ಜಿಯ ಮಾತು ಕೇಳಿಸಿಕೊಂಡು, ಬಂದು ಅವನ ಎರಡೂ ಕೈ ಹಿಡಿದುಕೊಂಡ.

"ದೊಡ್ಡ ಮನಸ್ಸು ಸಾರೇ ನಿಮ್ದು. ಅವಳ ಮೂರು ತಂಗಿಯರನ್ನೂ ಬರುವ ವಾರ ನೀವೇ ಕರ್ಕೊಂಡು ಹೋಗ್ತೀರಿ ಅಂತೆ. ಕೇಳಿದ್ದಕ್ಕೆಲ್ಲ ಶೆರಿ ಅಂದ್ರಂತೆ."