ಹದಿನಾಲ್ಕನೆಯ ಸ್ಲೈಡಿನ ರುದ್ರವ್ವನವರಿಗೆ

ಮಾನ್ಯ ಶ್ರೀಮತಿ ರುದ್ರವ್ವನವರ ದಿವ್ಯ ಸನ್ನಿಧಾನಕ್ಕೆ,

ಮುಂಬಯಿಯ ವಿಲೆ ಪಾರ್ಲೆಯ ಜಾಹೀರಾತು ಕಂಪನಿಯೊಂದರ ಮೂರನೆಯ ಮಹಡಿಯಲ್ಲಿ ಕನ್ನಡ ಬರೆಯುವ ಏಕೈಕ ನೌಕರ, ದಹಿಸರ್‌ವಾಸಿ ದಾನಪ್ಪ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಇತ್ತ ನಾವು ಕ್ಷೇಮ. ತಮ್ಮ ಕ್ಷೇಮಕ್ಕೆ ಪತ್ರ ಬರೆಯಿರಿ ಎನ್ನುವ ಅಗತ್ಯವೇ ಇಲ್ಲ, ಏಕೆಂದರೆ ತಾವು ಹುಟ್ಟಿದವರೇ ಅಲ್ಲವಾದ್ದರಿಂದ ತಮಗೆ ನೆಗಡಿ ಕೂಡ ಬರುವುದಿಲ್ಲ.

ತಮ್ಮನ್ನು ಅರಿಯದ ಪಾಮರರಿಗಾಗಿ ಎರಡು ಮಾತು. ನಮ್ಮ ಕಸುಬಿನಲ್ಲಿ ಯಾವುದೇ ಸರಕನ್ನು ಮಾರುವ ಮೊದಲು, ಅದನ್ನು ಕೊಳ್ಳುವ ಗಿರಾಕಿಯನ್ನು ಕಲ್ಪಿಸಿಕೊಂಡು, ಹೆಸರಿಟ್ಟು, ಇಂಟರ್‌ನೆಟ್ಟಿನಿಂದ ಒಂದು ಫೋಟೋ ಇಳಿಸಿ ಸ್ಲೈಡಿನ ಮೇಲೆ ಪ್ರತಿಷ್ಠಾಪಿಸುವ ಪದ್ಧತಿಯಿದೆ. ಪಾಕೀಟಿನ ಜೋಳದ ರೊಟ್ಟಿ ಮಾರಲು ಹೊರಟ ಅಮೋಲ್ ಸಾಹೇಬರು ನಮ್ಮ ಕಂಪನಿಗೆ ಬಂದಾಗ, ನಮ್ಮ ಮುಖ್ಯಸ್ಥೆ ಶುಭಾಂಗಿ ಮೇಡಂ ಊಟದ ಹೊತ್ತಿನಲ್ಲಿ ನನ್ನ ಮೇಜಿನ ಬಳಿ ನಿಂತು, ಐದು ನಿಮಿಷದಲ್ಲಿ ಒಬ್ಬ ಕನ್ನಡದ ಗೃಹಿಣಿ ಬೇಕು ಎಂದರು. ಡಬ್ಬಿಯ ರೊಟ್ಟಿ ಮುರಿಯುತ್ತಿದ್ದ ನನಗೆ ಆ ಗಳಿಗೆಯಲ್ಲಿ ಹೊಳೆದದ್ದು ನಮ್ಮವ್ವನ ಹೆಸರು. ಹೆಸರು: ರುದ್ರವ್ವ. ವಯಸ್ಸು: ಐವತ್ತೆರಡು. ಖುಷಿ: ಮಗನಿಗೆ ತನ್ನ ಕೈಯಾರೆ ಬಿಸಿ ರೊಟ್ಟಿ ಬಡಿದು ಹಾಕುವುದು. ಇಷ್ಟು ಬರೆದುಕೊಟ್ಟು ನಾನು ಪಲ್ಯಕ್ಕೆ ಕೈ ಹಾಕಿದೆ, ತಾವು ಹದಿನಾಲ್ಕನೆಯ ಸ್ಲೈಡಿನಲ್ಲಿ ಅವತರಿಸಿದಿರಿ.

ತಮ್ಮ ಮಹಿಮೆಯನ್ನು ಎಷ್ಟೆಂದು ಕೊಂಡಾಡಲಿ! ಹನ್ನೊಂದು ವರ್ಷ ದುಡಿದರೂ ಈ ಕಂಪನಿಯಲ್ಲಿ ನನ್ನ ಮಾತಿಗೆ ಸಿಗದ ಬೆಲೆ ತಮಗೆ ಮೊದಲ ವಾರದಲ್ಲೇ ಸಿಕ್ಕಿತು. ನಾನು ಯಾವ ಸಾಲು ಬರೆದರೂ ಅಮೋಲ್ ಸಾಹೇಬರು ಕಣ್ಣು ಮುಚ್ಚಿ, 'ರುದ್ರವ್ವ ಐಸಾ ನಹೀ ಬೋಲೇಗಿ' ಎನ್ನುತ್ತಿದ್ದರು. ಕನ್ನಡದ ಒಂದಕ್ಷರ ಬಾರದ ಅವರಿಗೆ ತಾವು ಏನು ಹೇಳುತ್ತೀರಿ, ಏನು ಹೇಳುವುದಿಲ್ಲ ಎಂಬುದು ಅಂಗೈ ನೆಲ್ಲಿಕಾಯಿಯಾಗಿತ್ತು. ನಮ್ಮಪ್ಪ ಬದುಕಿರುವ ತನಕ ಆ ಹೆಸರು ಹಿಡಿದು ಕರೆದವನಲ್ಲ, 'ಏ, ಕೇಳ್ತೇನ' ಎಂದೇ ಸಂಸಾರ ಮುಗಿಸಿದ. ಅಂಥ ಹೆಸರನ್ನು ನಮ್ಮ ಕಚೇರಿಯಲ್ಲಿ ಎಲ್ಲರೂ ದಿನವಿಡೀ ಕೂಗಿದರು: ರುದ್ರವ್ವನನ್ನು ಬಲಕ್ಕೆ ಸರಿಸು, ರುದ್ರವ್ವ ಕೋ ಥೋಡಾ ಯಂಗ್ ಕರೋ, ರುದ್ರವ್ವನನ್ನು ಅರ್ಧಕ್ಕೆ ಕತ್ತರಿಸು. ಹೆತ್ತವ್ವನನ್ನು ಅರ್ಧಕ್ಕೆ ಕತ್ತರಿಸುವಾಗಲೂ ನಾನು 'ಯೆಸ್ ಮೇಡಂ' ಎಂದೆ.

ದೂರಿನ ಮುಖ್ಯ ಭಾಗ ಇನ್ನು ಮುಂದಿದೆ. ಜಾಹೀರಾತು ಒಪ್ಪಿಗೆಯಾಗುವ ಮೊದಲು ಎಂಟು ಮಂದಿ ಕನ್ನಡದ ಹೆಂಗಸರನ್ನು ಮಾಟುಂಗದ ಒಂದು ಹಾಲ್‌ನಲ್ಲಿ ಕೂರಿಸಿ ರೊಟ್ಟಿ ತಿನ್ನಿಸಿ ಅಭಿಪ್ರಾಯ ಕೇಳುವುದೆಂದಾಯಿತು. ಹೆಂಗಸರನ್ನು ಕೂಡಿಸಿ ಪ್ರಶ್ನೆ ಕೇಳುವ ಕೆಲಸ ನೀಲಾಬಾಯಿ ಎಂಬಾಕೆಯದು. ಅಂದು ಎಂಟರಲ್ಲಿ ಒಬ್ಬಾಕೆ ಬಾರದೆ ಕೈಕೊಟ್ಟಳು. ನನ್ನೊಡನೆ ದೇವಸ್ಥಾನಕ್ಕೆಂದು ಬಂದಿದ್ದ ನಮ್ಮವ್ವ ಕೆಳಗಿನ ಉಡುಪಿ ಹೋಟೆಲಿನಲ್ಲಿ ಎರಡನೆಯ ಪ್ಲೇಟ್ ಇಡ್ಲಿಯನ್ನು ಪರಮ ಸುಖದಿಂದ ತಿನ್ನುತ್ತಿದ್ದಳು. ನೌಕರರ ಮನೆಯವರನ್ನು ಕೂರಿಸಕೂಡದು, ಕೂರಿಸಿದರೆ ಕೆಲಸ ಹೋಗುತ್ತದೆ ಎಂಬ ನಿಯಮ ಗೊತ್ತಿದ್ದೂ, ನಾನು ಅವಳ ಮಗನೆಂಬುದನ್ನು ಮುಚ್ಚಿಟ್ಟು ಆರನೆಯ ಕುರ್ಚಿಯಲ್ಲಿ ಕೂರಿಸಿದೆ. ಹೆಸರು ಕೇಳಿದ್ದೇ ತಡ, ಶುಭಾಂಗಿ ಮೇಡಂ ಸಾಕ್ಷಾತ್ ರುದ್ರವ್ವನೇ ಸಿಕ್ಕಳೆಂದು ಚಪ್ಪಾಳೆ ತಟ್ಟಿದರು.

ನಾವು ಪಕ್ಕದ ಕೋಣೆಯಲ್ಲಿ, ಹಾಲ್‌ನಲ್ಲಿ ನಡೆಯುವುದನ್ನು ತೋರಿಸುವ ಟೀವಿಯ ಮುಂದೆ ಕೂತಿದ್ದೆವು. ಹೆಂಗಸರ ಮಾತನ್ನು ಅಮೋಲ್ ಸಾಹೇಬರಿಗೆ ಹಿಂದಿಯಲ್ಲಿ ಹೇಳುವ ಕೆಲಸ ನನ್ನದು. ಮನೆಯವರಿಗೆ ರೊಟ್ಟಿ ಬಡಿಯುವಾಗ ಎಷ್ಟು ಖುಷಿಯಾಗುತ್ತದೆ ಎಂದು ನೀಲಾಬಾಯಿ ಅವ್ವನನ್ನು ಕೇಳಿದಳು. ಅವ್ವ ಸೆರಗು ಸರಿಮಾಡಿಕೊಂಡು, 'ಖುಷಿ ಅಂತ ಯಾವ ಪುಣ್ಯಾತ್ಮ ಹೇಳಿದ್ರಿ ನಿಮಗ? ನಲವತ್ತ ವರ್ಷ ಬಡದೀನಿ, ಮುಂಗೈ ಎರಡೂ ಹೋಗ್ಯಾವ. ನನ್ನ ಖುಷಿ ಅಂದ್ರ ಯಾರರ ಮಾಡಿ ಹಾಕಿದ್ದನ್ನ ಕುಂತು ಉಣ್ಣೂದು. ನಿಮ್ಮ ಪಾಕೀಟಿನ ರೊಟ್ಟಿ ಛಲೋ ಅದಾವ, ನಾಳಿಂದನ ತರ್ರಿ' ಎಂದಳು. ಇಡೀ ಸಭೆಯಲ್ಲಿ ಆ ಸರಕು ತನಗೆ ಬೇಕೆಂದು ಬಾಯಿಬಿಟ್ಟು ಹೇಳಿದವಳು ಅವಳೊಬ್ಬಳೇ! ನಾನು, ಆ ಪುಣ್ಯಾತ್ಮ, ಅಷ್ಟನ್ನೂ ಚಾಚೂ ತಪ್ಪದೆ ಹಿಂದಿಯಲ್ಲಿ ಹೇಳಿದೆ.

ಅಮೋಲ್ ಸಾಹೇಬರು ಮುಖ ಸಿಂಡರಿಸಿ, 'ಯೇ ಹಮಾರಿ ರುದ್ರವ್ವ ನಹೀ ಹೈ' ಎಂದರು. ಆರನೆಯ ಹೆಂಗಸು ಅಪವಾದ, ವರದಿಯಿಂದ ಕೈಬಿಡುವುದು ಎಂದು ಮೇಡಂ ಬರೆದುಕೊಂಡರು. ಆಕೆ ನಮ್ಮವ್ವ, ಹುಟ್ಟಿದಾರಭ್ಯ ರುದ್ರವ್ವನೇ ಆಗಿದ್ದಾಳೆ ಎಂದು ಹೇಳಬೇಕಿದ್ದ ನಾನು, ಬಾಯಲ್ಲಿ ಕಡುಬು ತುರುಕಿಕೊಂಡವನ ಹಾಗೆ ಕೂತೆ. ದಹಿಸರ್ ಲೋಕಲ್‌ನಲ್ಲಿ ಅವಳು, 'ಬರೋಬರಿ ಹೇಳಿದ್ನೇನೋ?' ಎಂದು ಕೇಳಿದಾಗ ನಾನು ಕಿಟಕಿಯಾಚೆ ಸ್ಟೇಷನ್ನುಗಳ ಹೆಸರು ಓದತೊಡಗಿದೆ.

ಮರುದಿನ ನಾನು ಬರೆದ 'ಅವ್ವನ ಕೈಯ ಖುಷಿ, ಈಗ ಪಾಕೀಟಿನಲ್ಲಿ' ಎಂಬ ಸಾಲು ಒಂದಕ್ಷರವೂ ಬದಲಾಗದೆ ಒಪ್ಪಿಗೆಯಾಯಿತು. ಹನ್ನೊಂದು ವರ್ಷಗಳಲ್ಲಿ ಇದೇ ಮೊದಲು. ಎಲ್ಲರಿಗೂ ಪೇಢೆ ಹಂಚಿದರು, ನನ್ನ ಪಾಲಿನದನ್ನು ನಾನು ಡಬ್ಬಿಗೆ ಹಾಕಿ ಮುಚ್ಚಿದೆ.

ಆದ್ದರಿಂದ ಮಾನ್ಯರೇ, ತಮ್ಮಲ್ಲಿ ಕೆಲವು ಬಿನ್ನಹಗಳಿವೆ. ತಾವು ದಯಮಾಡಿ ಒಂದು ಬೆಳಿಗ್ಗೆ ಸ್ಲೈಡಿನಿಂದಿಳಿದು, ಏಳು ಗಂಟೆಯ ಗದ್ದಲದ ಲೋಕಲ್ ಹತ್ತಿ ನಮ್ಮ ಬಿಲ್ಡಿಂಗಿಗೆ ಬಂದು, ನಗುಮುಖ ಕೆಡದಂತೆ ಹನ್ನೆರಡು ರೊಟ್ಟಿ ಬಡಿದು ತೋರಿಸಬೇಕು. ಆಗದಿದ್ದರೆ ಅವ್ವನ ಮುಂಗೈ ನೋವನ್ನು ಒಂದು ದಿನದ ಮಟ್ಟಿಗಾದರೂ ಕೈಗಡವಾಗಿ ಒಯ್ಯಬೇಕು. ಅದೂ ಆಗದಿದ್ದರೆ, ಖುಷಿ ಎಂಬ ಶಬ್ದದ ಮುಂದೆ ಅವಳು ಹೇಳಿದ್ದನ್ನು ಬರೆಸಿಕೊಂಡು, ಅವಳ ಹೆಸರನ್ನು ಅವಳಿಗೆ ಹಿಂದಿರುಗಿಸಬೇಕು. ಆ ಖುಷಿಯನ್ನು ಅವಳನ್ನು ಒಂದು ಮಾತೂ ಕೇಳದೆ ಬರೆದವನು ನಾನೇ. ಈ ಪತ್ರವನ್ನು, ಜೊತೆಗೆ ಅದರ ಹಿಂದಿ ಅನುವಾದವನ್ನು, ನಾಳೆ ಕಚೇರಿಯ ಲಿಫ್ಟಿನ ಪಕ್ಕದ ಫಲಕಕ್ಕೆ ಅಂಟಿಸುತ್ತೇನೆ. ಆರನೆಯ ಹೆಂಗಸು ಯಾರೆಂದು ಎಲ್ಲರೂ ಓದಲಿ, ಆಮೇಲೆ ನನ್ನ ಕೆಲಸದ ಗತಿ ಏನಾಗುತ್ತದೋ ಆಗಲಿ.

ತಮ್ಮನ್ನು ಸೃಷ್ಟಿಸಿದ ತಪ್ಪಿಗೆ ತಲೆಬಾಗಿರುವ,
ತಮ್ಮ ವಿಶ್ವಾಸಿ,
ದಾನಪ್ಪ

ತಾ.ಕ.: ಪತ್ರ ಓದಿ ಹೇಳಿದ ಮೇಲೆ ಅವ್ವ ತಮ್ಮ ಮುಖ ನೋಡಬೇಕೆಂದಳು. ಮೊಬೈಲಿನಲ್ಲಿ ತೋರಿಸಿದೆ. 'ಅಯ್ಯ, ಈಕಿ ಲಟ್ಟಣಗಿ ಹಿಡದು ಗೋದಿ ಚಪಾತಿ ಮಾಡಾಕತ್ತಾಳಲ್ಲೋ!' ಎಂದಳು. ಮೂರು ತಿಂಗಳು, ನಲವತ್ತೊಂದು ತಿದ್ದುಪಡಿ, ಹನ್ನೆರಡು ಜನ ದಿನಾಲೂ ತಮ್ಮ ಮುಖ ನೋಡಿದ್ದೇವೆ. ತಮ್ಮ ಕೈಯನ್ನು ಯಾರೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ.