ಓನರಮ್ಮನ ಊರು, ಅವ್ವನ ಮೆಣಸಿನಕಾಯಿ

ಬಾಡಿಗೆ ಮನೆಯಲ್ಲಿ ಇದ್ದವರಿಗೆ ನಗುವ ಪ್ರಸಂಗಗಳಿಗೆ ಬರವಿಲ್ಲ. ನಡೆಯುವ ಹೊತ್ತಿಗೆ ಮಾತ್ರ ನಗು ಬರುವುದಿಲ್ಲ. ಎಂಬತ್ತರ ದಶಕದಲ್ಲಿ ಅಮೆರಿಕದ ಸ್ಯಾನ್ ಮಟಿಯೋದಲ್ಲಿ ನಾವು ಮಹಡಿಯಲ್ಲಿದ್ದೆವು, ಓನರಮ್ಮ ಕೆಳಗೆ. ದಕ್ಷಿಣ ಇಟಲಿಯ ಗುಡ್ಡದ ಮೇಲಿನ ಒಂದು ಪುಟ್ಟ ಊರಿನವರು. "ಮೂರು ತಿಂಗಳು ನೋಡ್ತೀನಿ. ಹಿಡಿಸಿದರೆ ಇರಿ, ಇಲ್ಲದಿದ್ದರೆ ಹೊರಡಿ" ಎಂದಿದ್ದರು. ನನ್ನ ಹೆಂಡತಿ ಬಸುರಿ. ಮನೆ ಬಿಡುವ ಮಾತು ಕೇಳಿದರೆ ನನಗೇ ಹೆರಿಗೆ ನೋವು ಬರುವಂತಿತ್ತು.

೧. ಗುಡ್ಡ

ಅವರನ್ನು ಮೆಚ್ಚಿಸಬೇಕಿತ್ತಲ್ಲ, ಒಮ್ಮೆ ಕಾರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಕರೆದುಕೊಂಡು ಹೋದೆ. ಕಡಿದಾದ ಏರಿನಲ್ಲಿ ನನ್ನ ಹಳೇ ಕಾರು ಹಿಂದಕ್ಕೆ ಜಾರತೊಡಗಿತು. ರಾಯರನ್ನು ನೆನೆಯುತ್ತ ಬ್ರೇಕು ತುಳಿದೆ. ಅವರು ಕಿಟಕಿಯಾಚೆ ನೋಡಿ, "ನಮ್ಮೂರಲ್ಲಿ ಇಂಥ ಸಮತಟ್ಟಾದ ಜಾಗ ಸಿಕ್ಕಿದ್ದರೆ ಮಕ್ಕಳು ಚೆಂಡಾಟ ಆಡ್ತಿದ್ದರು" ಎಂದರು.

೨. ಬಿಸಿಲು

ಬಾಣಂತನಕ್ಕೆಂದು ಧಾರವಾಡದಿಂದ ಅವ್ವ ಬಂದಳು. ಹಿತ್ತಲಲ್ಲಿ ಬಿಸಿಲು ಬೀಳುತ್ತಿದ್ದುದು ಒಂದೇ ಮೂಲೆಗೆ. ಅಲ್ಲಿ ಓನರಮ್ಮ ಹಲಗೆಯ ಮೇಲೆ ಟೊಮೆಟೊ ಒಣಗಿಸುತ್ತಿದ್ದರು. ಅವ್ವ ಪಕ್ಕದಲ್ಲೇ ಹಳೇ ಸೀರೆ ಹಾಸಿ ಸಂಡಿಗೆ ಇಟ್ಟಳು.

"ನಮ್ಮೂರ ಬಿಸಿಲಾದರೆ ಅರ್ಧ ದಿನ ಸಾಕು" ಎಂದರು ಓನರಮ್ಮ. ನಾನು ಅದನ್ನು ಅವ್ವನಿಗೆ ಹೇಳಿದೆ.

"ನಮ್ಮೂರ ಬಿಸಲಾದ್ರ ಆಕೀನೂ ಒಣಗ್ತಿದ್ಲು ಅಂತ ಹೇಳು" ಎಂದಳು ಅವ್ವ.

"ಟೊಮೆಟೊ ಬಹಳ ಚೆನ್ನಾಗಿದೆಯಂತೆ" ಎಂದು ಓನರಮ್ಮನಿಗೆ ಹೇಳಿದೆ.

೩. ಕಣ್ಣು

ಮೂರು ತಿಂಗಳು ಮುಗಿದ ದಿನ, ತೀರ್ಪು ಕೇಳಲು ಅವ್ವನ ಜೊತೆ ಕೆಳಗಿಳಿದೆ. ಓನರಮ್ಮ ತಲೆ ಹಿಡಿದುಕೊಂಡು ಕೂತಿದ್ದರು. ಮುಂದೆ ನೀರಿನ ತಟ್ಟೆ, ಅದರಲ್ಲಿ ಹರಡಿಕೊಂಡ ಎಣ್ಣೆ. "ನಮ್ಮೂರಲ್ಲಿ ಎಣ್ಣೆ ಹನಿ ಹೀಗೆ ಹರಡಿದರೆ ಕೆಟ್ಟ ಕಣ್ಣು ಬಿದ್ದಿದೆ ಅಂತ ಲೆಕ್ಕ. ಈ ಮನೆಗೆ ಹೊಸಬರು ನೀವೇ" ಎಂದರು.

ತಟ್ಟೆ ನೋಡಿಯೇ ಅವ್ವನಿಗೆ ಎಲ್ಲ ತಿಳಿಯಿತು. "ದೃಷ್ಟಿ ಹೌದೋ ಅಲ್ಲೋ ಈಗ ಗೊತ್ತಾಗ್ತದ" ಎಂದು ಮೇಲಿನಿಂದ ಮುಷ್ಟಿ ತುಂಬ ಒಣಮೆಣಸಿನಕಾಯಿ, ಉಪ್ಪು ತಂದು, ಓನರಮ್ಮನಿಗೆ ನಿವಾಳಿಸಿ, ಅವರದೇ ಒಲೆಗೆ ಹಾಕಿದಳು.

ಐದು ನಿಮಿಷದಲ್ಲಿ ಎಲ್ಲರೂ ಕೆಮ್ಮುತ್ತ ಬೀದಿಯಲ್ಲಿದ್ದೆವು. ಒಳಗೆ ಸ್ಮೋಕ್ ಅಲಾರಂ ಕಿರುಚುತ್ತಿತ್ತು. ಪಕ್ಕದವರು ಫೋನ್ ಮಾಡಿದ್ದರಿಂದ ಫೈರ್ ಇಂಜಿನ್ನೂ ಬಂತು. ಮನೆ ಹೋಯಿತು ಎಂದುಕೊಂಡೆ.

ಅವ್ವ ಕಣ್ಣೊರೆಸಿಕೊಂಡು, "ದೃಷ್ಟಿ ಆಗಿದ್ರ ಘಾಟು ಬರ್ತಿದ್ದಿಲ್ಲ. ಇಷ್ಟು ಬಂದದ ಅಂದ್ರ ಯಾರ ಕಣ್ಣೂ ಬಿದ್ದಿಲ್ಲ ಅಂತ ಹೇಳು" ಎಂದಳು. ಈ ಸಲ ಒಂದಕ್ಷರ ಬಿಡದೆ ಹೇಳಿದೆ.

ಓನರಮ್ಮ ಮೂಗು ಸೀಟಿ ತಲೆ ಮುಟ್ಟಿ ನೋಡಿಕೊಂಡರು. ನೋವು ಹೋಗಿತ್ತು. "ಇಂಥದ್ದು ನಮ್ಮೂರಲ್ಲೂ ಇಲ್ಲ. ನೀವು ಇಲ್ಲೇ ಇರಿ" ಎಂದರು. ನನಗೆ ಬೀದಿಯಲ್ಲೇ ಕುಣಿಯುವಷ್ಟು ಖುಷಿಯಾಯಿತು.

ಅಷ್ಟರಲ್ಲಿ ಫೈರ್ ಇಂಜಿನ್ನಿನ ಕ್ಯಾಪ್ಟನ್ನು, ಆರಡಿಯ ಸುಂದರಾಂಗ, ಬೆಂಕಿ ಎಲ್ಲಿ ಎನ್ನುತ್ತ ಬಂದ. ಇಡೀ ಬೀದಿ ಅವನನ್ನೇ ನೋಡುತ್ತಿತ್ತು. ಓನರಮ್ಮ ಅವ್ವನ ಮುಖ ನೋಡಿದರು, ಅವ್ವ ಅವರ ಮುಖ ನೋಡಿದಳು. ಇಬ್ಬರೂ ಒಂದೊಂದು ತೋಳು ಹಿಡಿದು ಅವನನ್ನು ಮೆಟ್ಟಿಲ ಮೇಲೆ ಕೂರಿಸಿದರು.

ಅವ್ವ ನನ್ನ ಕಡೆ ತಿರುಗಿ ಹೇಳಿದಳು: "ಮ್ಯಾಲ ಡಬ್ಬಿಯೊಳಗ ಇನ್ನೊಂದು ಮುಷ್ಟಿ ಅದಾವ, ತಗೊಂಡು ಬಾ."